ಮೂವತ್ತೊಂದನೆಯ ತುಂಡು

ಗಣಿತ ಕಲಿಸುವವರ ಕಿವಿಗೆ ಬಿದ್ದೇ ಬೀಳುವ ಒಂದು ಪ್ರಶ್ನೆ ಇದೆ. ವಾಕ್ಯರೂಪದ ಲೆಕ್ಕವೊಂದನ್ನು ಹಲಗೆಯ ಮೇಲೆ ಬರೆದು ಸೀಮೆಸುಣ್ಣ ಇನ್ನೂ ಕೆಳಗಿಟ್ಟಿರುವುದಿಲ್ಲ, ಹಿಂದಿನ ಸಾಲಿನಿಂದ ದನಿ ಬರುತ್ತದೆ: “ಸರ್, ಇದು ಕೂಡುವ ಲೆಕ್ಕವೋ ಕಳೆಯುವ ಲೆಕ್ಕವೋ?” ಕೇಳಿದ ಮಗು ಲೆಕ್ಕದ ಕೊನೆಯ ಸಾಲನ್ನು ಓದಿಯೇ ಇರುವುದಿಲ್ಲ. ಎರಡು ಸಂಖ್ಯೆಗಳು ಕಣ್ಣಿಗೆ ಬಿದ್ದಿವೆ. ನಡುವೆ ಯಾವ ಚಿಹ್ನೆ ಹಾಕಬೇಕೆಂದು ತಿಳಿದರೆ ಉಳಿದದ್ದು ಬರೀ ಕೈಯ ಕೆಲಸ. ಇದನ್ನು ಸೋಮಾರಿತನವೆಂದು ತಳ್ಳಿಹಾಕುವ ಶಿಕ್ಷಕರಿದ್ದಾರೆ. ನನಗೆ ಅದು ಬಹಳ ಜಾಣ ಪ್ರಶ್ನೆಯಾಗಿ ಕಾಣುತ್ತದೆ. ಭಾಗಾಕಾರದ ಅಧ್ಯಾಯದ ಕೊನೆಯಲ್ಲಿ ಬರುವ ಲೆಕ್ಕಗಳೆಲ್ಲ ಭಾಗಿಸುವ ಲೆಕ್ಕಗಳೇ. ದೊಡ್ಡ ಸಂಖ್ಯೆಯನ್ನು ಚಿಕ್ಕದರಿಂದ ಭಾಗಿಸಿದರೆ ಮುಗಿಯಿತು, ನಡುವಿನ ಕಥೆಯನ್ನು ಓದಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ‘ಒಟ್ಟು’ ಎಂದಿದ್ದರೆ ಕೂಡು, ‘ಉಳಿದವು’ ಎಂದಿದ್ದರೆ ಕಳೆ, ‘ಪ್ರತಿಯೊಬ್ಬರಿಗೂ’ ಎಂದಿದ್ದರೆ ಭಾಗಿಸು ಎಂದು ಕೆಲವೆಡೆ ಪಟ್ಟಿ ಮಾಡಿಯೇ ಕೊಡುತ್ತಾರೆ. ಈ ಪಟ್ಟಿ ಹತ್ತರಲ್ಲಿ ಒಂಬತ್ತು ಸಲ ಕೈ ಹಿಡಿಯುತ್ತದೆ ಎಂಬುದೇ ಅದರ ಅಪಾಯ. “ತಮ್ಮನಿಗೆ 5 ಪೆನ್ಸಿಲ್ ಕೊಟ್ಟ ಮೇಲೆ ನನ್ನಲ್ಲಿ 12 ಉಳಿದವು, ಮೊದಲು ಎಷ್ಟಿದ್ದವು?” ಎಂದು ಕೇಳಿ ನೋಡಿ. ‘ಉಳಿದವು’ ಕಂಡ ಕೂಡಲೇ ಅರ್ಧ ತರಗತಿ 7 ಎನ್ನುತ್ತದೆ. ಕೊಟ್ಟ ಮೇಲೂ 12 ಇರುವವನ ಬಳಿ ಮೊದಲು 7 ಇದ್ದವು ಎಂಬುದು ಯಾರಿಗೂ ವಿಚಿತ್ರವೆನಿಸುವುದಿಲ್ಲ.

ಇದು ಯಾವುದೋ ಒಂದು ಊರಿನ ಮಕ್ಕಳ ಕಥೆಯಲ್ಲ. 1980ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಕೆಲವು ಗಣಿತ ಶಿಕ್ಷಣ ಸಂಶೋಧಕರು ಪುಟ್ಟ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟರು: “ಹಡಗಿನಲ್ಲಿ 26 ಕುರಿಗಳೂ 10 ಆಡುಗಳೂ ಇವೆ. ಹಡಗಿನ ಕಪ್ತಾನನ ವಯಸ್ಸೆಷ್ಟು?” 97 ಮಕ್ಕಳಲ್ಲಿ 76 ಮಂದಿ ಆ ಸಂಖ್ಯೆಗಳನ್ನೇ ಹೇಗೋ ಜೋಡಿಸಿ ವಯಸ್ಸು ಹೇಳಿದರು. 36 ಅಂದರೆ ಕಪ್ತಾನನಿಗೆ ಒಪ್ಪುವ ವಯಸ್ಸೇ ಅಲ್ಲವೇ! ಅದೇ ದಶಕದ ಆರಂಭದಲ್ಲಿ ಅಮೆರಿಕದ ರಾಷ್ಟ್ರೀಯ ಮೌಲ್ಯಮಾಪನದಲ್ಲಿ 13 ವರ್ಷದವರಿಗೆ ಇನ್ನೊಂದು ಲೆಕ್ಕ ಬಂತು: ಒಂದು ಬಸ್ಸಿನಲ್ಲಿ 36 ಸೈನಿಕರು ಹಿಡಿಸುತ್ತಾರೆ, 1128 ಸೈನಿಕರನ್ನು ಸಾಗಿಸಲು ಎಷ್ಟು ಬಸ್ಸು ಬೇಕು? ಸುಮಾರು ಶೇ. 70ರಷ್ಟು ಮಕ್ಕಳು ಭಾಗಾಕಾರವನ್ನು ಸರಿಯಾಗಿ ಮಾಡಿದರು. ಆದರೆ 32 ಎಂದವರು ಶೇ. 23 ಮಾತ್ರ. ಶೇ. 29 ಮಂದಿ “31, ಶೇಷ 12” ಎಂದು ಬರೆದರು. ಶೇಷ 12 ಎಂದರೆ ರಸ್ತೆಯ ಮೇಲೆ ನಿಂತ ಹನ್ನೆರಡು ಮಂದಿ. ಭಾಗಾಕಾರ ಬರುವ ಮಗುವಿಗೆ ಅವರು ಕಾಣಲಿಲ್ಲ, ಏಕೆಂದರೆ ಲೆಕ್ಕ ಮುಗಿದ ಮೇಲೆ ಹಿಂದಿರುಗಿ ಬಸ್ಸಿನ ಕಡೆ ನೋಡಬೇಕೆಂದು ಅದಕ್ಕೆ ಯಾರೂ ಯಾವತ್ತೂ ಹೇಳಿರಲಿಲ್ಲ, ಅಥವಾ ಹೇಳಿದ್ದನ್ನು ನಡೆದು ತೋರಿಸಿರಲಿಲ್ಲ. ಫ್ರಾನ್ಸಿನ ಗಣಿತ ಶಿಕ್ಷಣ ಸಂಶೋಧಕ ಗಿ ಬ್ರೂಸೋ ಇದನ್ನು ಶಿಕ್ಷಕ ಮತ್ತು ವಿದ್ಯಾರ್ಥಿಯ ನಡುವಿನ ಬರೆಯದ ಕರಾರು ಎಂದು ಕರೆದರು. ನೀವು ಕೊಟ್ಟ ಲೆಕ್ಕಕ್ಕೆ ಉತ್ತರ ಇದ್ದೇ ಇರುತ್ತದೆ, ಕೊಟ್ಟ ಸಂಖ್ಯೆಗಳನ್ನೆಲ್ಲ ಬಳಸಲೇಬೇಕು, ಈ ವಾರ ಕಲಿಸಿದ್ದರಿಂದಲೇ ಅದು ಬಿಡಿಸಲ್ಪಡುತ್ತದೆ. ಮಕ್ಕಳು ಈ ಕರಾರಿಗೆ ನಿಷ್ಠರಾಗಿದ್ದಾರೆ. ಲೆಕ್ಕಕ್ಕಲ್ಲ.

ಗೋಡೆಯ ಮೇಲಿನ ನಾಲ್ಕು ಹೆಜ್ಜೆ

ಪರಿಹಾರವೆಂದು ಸಾಮಾನ್ಯವಾಗಿ ಮುಂದಿಡುವುದು ಜಾರ್ಜ್ ಪೋಲ್ಯಾ 1945ರಲ್ಲಿ ವಿವರಿಸಿದ ನಾಲ್ಕು ಹೆಜ್ಜೆಗಳನ್ನು: ಸಮಸ್ಯೆಯನ್ನು ಅರ್ಥ ಮಾಡಿಕೊ, ಉಪಾಯ ಹುಡುಕು, ಅದನ್ನು ನಡೆಸು, ಹಿಂದಿರುಗಿ ನೋಡು. ಪೋಲ್ಯಾ ಸ್ವತಃ ದೊಡ್ಡ ಗಣಿತಜ್ಞ, ತಾನು ಯೋಚಿಸುವ ಬಗೆಯನ್ನು ಗಮನಿಸಿ ಬರೆದವರು. ಆದರೆ ಅದು ಬಣ್ಣದ ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸುವ ಪಟ್ಟಿಯಾದ ಮೇಲೆ ಇನ್ನೊಂದು ವಿಧಿಯಾಗಿಬಿಡುತ್ತದೆ. ಉತ್ತರ ಪತ್ರಿಕೆ ತಿದ್ದುವಾಗ ಇದರ ಅತ್ಯಂತ ತಮಾಷೆಯ ರೂಪ ಸಿಗುತ್ತದೆ. ಸಮೀಕರಣ ಬಿಡಿಸಿ ತಾಳೆ ನೋಡಿ ಎಂದಿರುತ್ತದೆ. ಮಗು x ನ ಬೆಲೆಯನ್ನು ತಪ್ಪಾಗಿ ಕಂಡುಹಿಡಿದಿರುತ್ತದೆ, ಅದನ್ನು ಸಮೀಕರಣದಲ್ಲಿ x ಇದ್ದ ಕಡೆ ಹಾಕಿರುತ್ತದೆ, ಒಂದು ಕಡೆ 19 ಇನ್ನೊಂದು ಕಡೆ 23 ಬಂದಿರುತ್ತದೆ; ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ “ಎಡಭಾಗ = ಬಲಭಾಗ. ತಾಳೆಯಾಯಿತು” ಎಂದಿರುತ್ತದೆ. ತಾಳೆ ನೋಡುವುದು ಎಂದರೆ ಕೊನೆಯಲ್ಲಿ ಆ ಸಾಲನ್ನು ಬರೆಯುವುದು ಎಂದೇ ಅದು ತಿಳಿದಿದೆ. ಹಂತಕ್ಕೆ ಅಂಕ ಕೊಡುವ ನಮ್ಮ ಪದ್ಧತಿಯಲ್ಲಿ ಒಂದು ಅಂಕ ಸಿಕ್ಕರೂ ಸಿಗಬಹುದು.

ಅಲನ್ ಶೋನ್‌ಫೆಲ್ಡ್ ಎಂಬ ಅಮೆರಿಕದ ಸಂಶೋಧಕ ಜನ ಲೆಕ್ಕ ಬಿಡಿಸುವುದನ್ನು ಚಿತ್ರೀಕರಿಸಿ ನಿಮಿಷ ನಿಮಿಷವಾಗಿ ಗುರುತು ಹಾಕುತ್ತ ಹೋದರು. ಬಹುಪಾಲು ವಿದ್ಯಾರ್ಥಿಗಳು ಲೆಕ್ಕವನ್ನು ಒಮ್ಮೆ ಓದಿ, ಒಂದು ದಾರಿ ಹಿಡಿದು, ಅದು ಎಲ್ಲಿಗೂ ಒಯ್ಯದಿದ್ದರೂ ಸಮಯ ಮುಗಿಯುವವರೆಗೆ ಅದರಲ್ಲೇ ಹೋಗುತ್ತಿದ್ದರು. ರೇಖಾಗಣಿತದ ಕಠಿಣ ಲೆಕ್ಕವೊಂದನ್ನು ಎದುರಿಸಿದ ಒಬ್ಬ ಗಣಿತಜ್ಞರು ಮಾತ್ರ ಅರ್ಧಕ್ಕಿಂತ ಹೆಚ್ಚು ಹೊತ್ತು ಲೆಕ್ಕ ಏನು ಹೇಳುತ್ತಿದೆ ಎಂದು ತಿರುಗಿಸಿ ಮುರುಗಿಸಿ ನೋಡುವುದರಲ್ಲೇ ಕಳೆದರು. ಸ್ವಾರಸ್ಯವೆಂದರೆ ಅವರು ರೇಖಾಗಣಿತವನ್ನು ಬಿಟ್ಟು ವರ್ಷಗಳಾಗಿದ್ದವು. ಬೇಕಾದ ಪ್ರಮೇಯಗಳು ಆರಂಭದಲ್ಲಿ ವಿದ್ಯಾರ್ಥಿಗಳಿಗೇ ಹೆಚ್ಚು ನೆನಪಿದ್ದವು. ಹಾಗಾಗಿ ಶೋನ್‌ಫೆಲ್ಡ್ ತಮ್ಮ ತರಗತಿಯಲ್ಲಿ ಪಟ್ಟಿ ಅಂಟಿಸುವ ಬದಲು ಗುಂಪುಗಳ ನಡುವೆ ಓಡಾಡುತ್ತ ಮೂರೇ ಪ್ರಶ್ನೆಗಳನ್ನು ಕೇಳುತ್ತಿದ್ದರು. ಈಗ ಏನು ಮಾಡುತ್ತಿದ್ದೀರಿ? ಏಕೆ ಮಾಡುತ್ತಿದ್ದೀರಿ? ಅದರಿಂದ ಏನು ಸಿಗುತ್ತದೆ? ಮೊದಮೊದಲು ಯಾರಿಗೂ ಉತ್ತರ ಕೊಡಲಾಗುತ್ತಿರಲಿಲ್ಲ. ಮೇಷ್ಟರು ಬಂದರೆ ಇದನ್ನೇ ಕೇಳುತ್ತಾರೆ ಎಂದು ಗೊತ್ತಾದ ಮೇಲೆ ಅವರು ಬರುವ ಮೊದಲೇ ತಮ್ಮೊಳಗೆ ಕೇಳಿಕೊಳ್ಳತೊಡಗಿದರು. ಅಭ್ಯಾಸ ಕೂರುವುದು ಹೀಗೆ, ಅದೇ ಪ್ರಶ್ನೆ ಅದೇ ಬಾಯಿಂದ ಬೇಸರ ಬರುವಷ್ಟು ಸಲ ಬಂದು.

ಒಂದು, ಎರಡು, ನಾಲ್ಕು, ಎಂಟು

ನಾನು ಮತ್ತೆ ಮತ್ತೆ ಬಳಸುವ ಒಂದು ಲೆಕ್ಕವಿದೆ. ಹಳೆಯ ಲೆಕ್ಕ, ಗಣಿತದವರಿಗೆಲ್ಲ ಗೊತ್ತಿರುವುದು. ವೃತ್ತದ ಮೇಲೆ ಒಂದಷ್ಟು ಬಿಂದುಗಳನ್ನಿಡಿ, ಪ್ರತಿ ಎರಡು ಬಿಂದುಗಳನ್ನೂ ನೇರ ಗೆರೆಯಿಂದ ಸೇರಿಸಿ. ವೃತ್ತದ ಒಳಭಾಗ ಎಷ್ಟು ತುಂಡುಗಳಾಗುತ್ತದೆ? ಒಂದು ಬಿಂದುವಿಗೆ ಗೆರೆಯೇ ಇಲ್ಲ, ಒಂದೇ ತುಂಡು. ಎರಡಕ್ಕೆ 2. ಮೂರಕ್ಕೆ 4. ನಾಲ್ಕಕ್ಕೆ 8. ಐದು ಬಿಂದುವಿನ ಚಿತ್ರ ಸ್ವಲ್ಪ ಗೋಜಲು, ಎಣಿಸಿದರೆ 16. ಆರಕ್ಕೆ ಎಷ್ಟು ಎಂದು ನಾನು ಕೇಳುವ ಮೊದಲೇ ತರಗತಿ ಒಕ್ಕೊರಲಿನಿಂದ “ಮೂವತ್ತೆರಡು!” ಎನ್ನುತ್ತದೆ. ಎಲ್ಲ ವರ್ಷವೂ ಎನ್ನುತ್ತದೆ. ಇಲ್ಲಿ ಶಿಕ್ಷಕನಿಗೆ ಅತ್ಯಂತ ಕಷ್ಟದ ಕೆಲಸವೆಂದರೆ ಮುಖವನ್ನು ಸುಮ್ಮನಿಟ್ಟುಕೊಳ್ಳುವುದು. ಮಕ್ಕಳು ಲೆಕ್ಕವನ್ನು ಓದುವುದಕ್ಕಿಂತ ಚೆನ್ನಾಗಿ ಮೇಷ್ಟರ ಹುಬ್ಬನ್ನು ಓದುತ್ತಾರೆ. ನಾನು ಕೋಷ್ಟಕದಲ್ಲಿ 32 ಎಂದು ಬರೆದು, “ಸರಿ, ಚಿತ್ರ ಬರೆದು ಎಣಿಸಿ” ಎಂದಷ್ಟೇ ಹೇಳುತ್ತೇನೆ.

ಒಂದು ವರ್ಷ ನಡೆದದ್ದು ನೆನಪಿನಲ್ಲಿ ಗಟ್ಟಿಯಾಗಿ ಉಳಿದಿದೆ. ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಪ್ರತಿ ತುಂಡಿನೊಳಗೂ ಚಿಕ್ಕ ಚಿಕ್ಕ ಅಂಕಿ ಬರೆದು ಎಣಿಸುತ್ತಿದ್ದಳು. ನಟ್ಟನಡುವೆ ಒಂದು ತ್ರಿಕೋನ ಎಷ್ಟು ಸಣ್ಣದಾಗಿತ್ತೆಂದರೆ ಅದರೊಳಗೆ ಪೆನ್ಸಿಲ್ ಮೊನೆ ಇಟ್ಟರೆ ಮುಚ್ಚಿಹೋಗುತ್ತಿತ್ತು. ಅವಳು ಅಲ್ಲಿಂದ ಒಂದು ಬಾಣದ ಗುರುತನ್ನು ವೃತ್ತದ ಹೊರಗೆ ಎಳೆದು ಅಲ್ಲಿ 31 ಎಂದು ಬರೆದಳು. ಮುಂದೆ ತುಂಡು ಇರಲಿಲ್ಲ. ಮತ್ತೆ ಮೊದಲಿನಿಂದ ಎಣಿಸಿದಳು, ಮತ್ತೆ 31. ಪಕ್ಕದವಳ ಪುಸ್ತಕದಲ್ಲಿ ಆಗಲೇ 32 ಎಂದು ಬರೆದು ಅಡಿಗೆರೆ ಎಳೆದಾಗಿತ್ತು, ಚಿತ್ರದಲ್ಲಿ ಒಂದೂ ಅಂಕಿ ಇರಲಿಲ್ಲ. ಇವಳು ಅತ್ತ ಕಣ್ಣು ಹಾಯಿಸಿ ತನ್ನ 31ನ್ನು ಅಳಿಸಲು ರಬ್ಬರ್ ಎತ್ತಿಕೊಂಡಳು. ಅಷ್ಟರಲ್ಲಿ ಹಿಂದಿನಿಂದ ಒಬ್ಬ, “ನನಗೆ ಮೂವತ್ತೇ ಬರುತ್ತಿದೆ, ಸರ್” ಎಂದ. ಅವನದು ಅಚ್ಚುಕಟ್ಟಾದ ಕೆಲಸ. ಕೈವಾರದಿಂದ ವೃತ್ತ ಎಳೆದು, ಅದೇ ತ್ರಿಜ್ಯದಲ್ಲಿ ಸುತ್ತ ಆರು ಗುರುತು ಮಾಡಿ, ಸಮಾನ ಅಂತರದಲ್ಲಿ ಬಿಂದುಗಳನ್ನಿಟ್ಟಿದ್ದ. ಇನ್ನೊಬ್ಬನಿಗೂ ಮೂವತ್ತೇ ಬಂದಿತ್ತು, ಆದರೆ ಅವನು ಉತ್ತರವನ್ನು 32 ಎಂದೇ ಬರೆದಿದ್ದ. “ಎಲ್ಲೋ ಎರಡು ತುಂಡು ಎಣಿಕೆ ತಪ್ಪಿದೆ, ಸರ್” ಎಂದು ನನಗೇ ಸಮಾಧಾನ ಹೇಳಿದ. ತನ್ನ ಕಣ್ಣಿಗಿಂತ ಕೋಷ್ಟಕದ ಮೇಲೆ ಅವನಿಗೆ ಹೆಚ್ಚು ನಂಬಿಕೆ.

ಜಗಳ ಹತ್ತಿತು. ಒಳ್ಳೆಯ ಜಗಳ. 30ರವನೂ 31ರವಳೂ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ತುಂಡು ತುಂಡಾಗಿ ಹೋಲಿಸಿದರು. ಹೊರಗಿನ ತುಂಡುಗಳು ತಾಳೆಯಾದವು, ಒಳಗಿನವೂ ಆದವು, ನಡುವೆ ಬಂದಾಗ ನಿಂತಿತು. ಅವನ ಚಿತ್ರದಲ್ಲಿ ಎದುರುಬದುರು ಬಿಂದುಗಳನ್ನು ಸೇರಿಸುವ ಮೂರು ಉದ್ದ ಗೆರೆಗಳು ಒಂದೇ ಬಿಂದುವಿನಲ್ಲಿ ಸೇರುತ್ತಿದ್ದವು. ಅವಳದು ಕೈಬರಹದ ವೃತ್ತ, ಬಿಂದುಗಳು ಓರೆಕೋರೆ. ಅಲ್ಲಿ ಆ ಮೂರು ಗೆರೆಗಳು ಒಂದನ್ನೊಂದು ಸ್ವಲ್ಪ ಸ್ವಲ್ಪ ತಪ್ಪಿಸಿಕೊಂಡು ಆ ಪುಟಾಣಿ ತ್ರಿಕೋನವನ್ನು ಬಿಟ್ಟಿದ್ದವು. ಹುಡುಗ ತನ್ನ ಒಂದು ಬಿಂದುವನ್ನು ಅಳಿಸಿ ಪಕ್ಕಕ್ಕೆ ಸರಿಸಿ ಮತ್ತೆ ಗೆರೆ ಎಳೆದ. ತ್ರಿಕೋನ ಹುಟ್ಟಿತು. ಅಚ್ಚುಕಟ್ಟಾಗಿ ಬರೆದವನಿಗೆ ಒಂದು ಕಡಿಮೆ, ವಕ್ರವಾಗಿ ಬರೆದವಳಿಗೆ ಒಂದು ಹೆಚ್ಚು ಎಂಬುದು ತರಗತಿಗೆ ಭಾರೀ ಖುಷಿ ಕೊಟ್ಟಿತು. ಆಮೇಲೆ, ಯಾರೂ ನಿರೀಕ್ಷಿಸದ ಕಡೆಯಿಂದ ನಿಜವಾದ ಪ್ರಶ್ನೆ ಬಂತು: “ಹಾಗಾದರೆ ಬಿಂದುಗಳನ್ನು ಇನ್ನೂ ಸರಿಸಿದರೆ 32 ಬರಬಹುದಲ್ಲ?”

ಇದನ್ನು ಚಿತ್ರ ಬರೆದು ಮುಗಿಸಲಾಗುವುದಿಲ್ಲ. ಎಷ್ಟು ಸಲ ಬರೆದರೂ ಇನ್ನೊಂದು ಚಿತ್ರ ಬಾಕಿಯಿರುತ್ತದೆ. ಇಲ್ಲಿಂದ ಮುಂದಕ್ಕೆ ಕಾರಣ ಬೇಕು. ಗೆರೆಯಿಲ್ಲದ ವೃತ್ತ ಒಂದು ತುಂಡು. ಹೊಸ ಗೆರೆ ಎಳೆದಾಗಲೆಲ್ಲ ಒಂದು ತುಂಡು ಹೆಚ್ಚುತ್ತದೆ, ಅದು ಹಳೆಯ ಗೆರೆಯೊಂದನ್ನು ಹೊಸ ಜಾಗದಲ್ಲಿ ದಾಟಿದಾಗಲೆಲ್ಲ ಇನ್ನೊಂದು. ಅಂದರೆ ತುಂಡುಗಳು = 1 + ಗೆರೆಗಳು + ದಾಟುವ ಜಾಗಗಳು. ಆರು ಬಿಂದುಗಳಿಗೆ ಗೆರೆಗಳು 15. ದಾಟುವ ಜಾಗಗಳೆಷ್ಟು? ಎರಡು ಗೆರೆಗಳು ಒಳಗೆ ದಾಟಬೇಕಾದರೆ ಅವುಗಳ ತುದಿಗಳಾಗಿ ನಾಲ್ಕು ಬಿಂದುಗಳು ಬೇಕು, ಯಾವ ನಾಲ್ಕನ್ನು ಆರಿಸಿದರೂ ಒಂದೇ ಒಂದು ದಾಟು ಸಿಗುತ್ತದೆ. ಆರರಲ್ಲಿ ನಾಲ್ಕನ್ನು ಆರಿಸುವ ಬಗೆಗಳು 15. ಹಾಗಾಗಿ 1 + 15 + 15, ಅದಕ್ಕಿಂತ ಹೆಚ್ಚು ಎಂದೆಂದಿಗೂ ಬಾರದು. ಮೂರು ಗೆರೆಗಳು ಒಂದೇ ಕಡೆ ಸೇರಿದರೆ ಕಡಿಮೆಯಾಗಬಹುದು, ಅಷ್ಟೇ. ಇಷ್ಟನ್ನೂ ಮಕ್ಕಳೇ ಕಂಡುಹಿಡಿದರು ಎಂದು ಹೇಳಿದರೆ ಕಥೆ ಚೆನ್ನಾಗಿರುತ್ತದೆ, ಆದರೆ ಹಾಗಾಗಲಿಲ್ಲ. ನಾಲ್ಕು ಬಿಂದುಗಳ ಮಾತನ್ನು ಮರುದಿನ ನಾನೇ ತೆಗೆದೆ. ಆದರೆ ಅದನ್ನು ಕೇಳುವಾಗ ಅವರಿಗೆ ಅದು ಬೇಕಾಗಿತ್ತು. (ಏಳು ಬಿಂದುಗಳಿಗೆ 57, ಎಂಟಕ್ಕೆ 99, ಒಂಬತ್ತಕ್ಕೆ 163. ಹತ್ತಕ್ಕೆ ಬಂದರೆ 256, ಮತ್ತೆ ಎರಡರ ಘಾತ! ಈ ಕಿಡಿಗೇಡಿತನವನ್ನು ಯಾರು ಮಾಡಿಟ್ಟರೋ.)

ಸರಿ ಉತ್ತರಕ್ಕೂ ಅದೇ ಪ್ರಶ್ನೆ

ನನ್ನನ್ನು ಆ ದಿನ ಕಾಡಿದ್ದು ರಬ್ಬರ್. ಎರಡು ಸಲ ಎಣಿಸಿ, ಬಾಣದ ಗುರುತು ಹಾಕಿ, ತನ್ನ ಕಣ್ಣಾರೆ ಕಂಡದ್ದನ್ನು ಆ ಹುಡುಗಿ ಏಕೆ ಅಳಿಸಹೊರಟಳು? ನಾನು ಬೇರೆಯವರ ತರಗತಿಗಳಲ್ಲಿ ಹಿಂದೆ ಕುಳಿತು ನೋಡುವಾಗ ಕಂಡ ಒಂದು ಸಂಗತಿ ಇದಕ್ಕೆ ಸಂಬಂಧಿಸಿದ್ದೆಂದು ತೋರುತ್ತದೆ. ಮಗು ಸರಿ ಉತ್ತರ ಹೇಳಿದರೆ ಶಿಕ್ಷಕರು “ಗುಡ್, ಮುಂದಿನದು” ಎನ್ನುತ್ತಾರೆ. ತಪ್ಪು ಹೇಳಿದರೆ “ಹೇಗೆ ಬಂತು ಹೇಳು ನೋಡೋಣ” ಎನ್ನುತ್ತಾರೆ. ಎರಡರ ಹಿಂದೆಯೂ ಒಳ್ಳೆಯ ಉದ್ದೇಶವೇ. ಆದರೆ ಕೆಲವೇ ವಾರಗಳಲ್ಲಿ “ಹೇಗೆ ಬಂತು” ಎಂಬುದು ಪ್ರಶ್ನೆಯಾಗಿ ಉಳಿಯುವುದಿಲ್ಲ, ತಪ್ಪಾಗಿದೆ ಎಂಬ ಸೂಚನೆಯಾಗುತ್ತದೆ. ಆ ಎರಡು ಪದ ಕಿವಿಗೆ ಬಿದ್ದ ಕೂಡಲೇ ಕೈ ರಬ್ಬರಿನ ಕಡೆ ಹೋಗುತ್ತದೆ. ವಿವರಣೆ ಕೊಡುವುದು ತಪ್ಪು ಮಾಡಿದವರು ತೆರುವ ದಂಡವಾಗುತ್ತದೆ. ಇಂಥ ತರಗತಿಯಲ್ಲಿ ಪೋಲ್ಯಾ ಹೇಳಿದ ನಾಲ್ಕನೆಯ ಹೆಜ್ಜೆ ಹೇಗೆ ಬೇರೂರೀತು? ಉತ್ತರ ಸರಿಯಿದ್ದಾಗ ಹಿಂದಿರುಗಿ ನೋಡುವ ಪದ್ಧತಿಯೇ ಅಲ್ಲಿಲ್ಲ.

ಸರಿ ಉತ್ತರವನ್ನು ಕೆದಕದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಸ್ಟ್ಯಾನ್ಲಿ ಎರ್ಲ್‌ವ್ಯಾಂಗರ್ 1973ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅದರಲ್ಲಿ ಬರುವ ಹನ್ನೆರಡು ವರ್ಷದ ಹುಡುಗನಿಗೆ ಬೆನ್ನಿ ಎಂದು ಹೆಸರಿಟ್ಟಿದ್ದಾರೆ. ಪ್ರತಿ ಮಗುವೂ ತನ್ನ ವೇಗದಲ್ಲಿ ಪುಸ್ತಿಕೆ ಬಿಡಿಸಿ, ಉತ್ತರಗಳನ್ನು ಕೀಲಿಯೊಂದಿಗೆ ಹೋಲಿಸಿ ಮುಂದೆ ಹೋಗುವ ವ್ಯವಸ್ಥೆ ಅದು. ಬೆನ್ನಿ ಅದರಲ್ಲಿ ಮುಂದಿದ್ದವರಲ್ಲೊಬ್ಬ, ಶಿಕ್ಷಕಿಯ ಮೆಚ್ಚಿನ ಹುಡುಗ. ಕೂರಿಸಿಕೊಂಡು ಮಾತನಾಡಿಸಿದಾಗ ತಿಳಿದದ್ದು, 2/10ನ್ನು ಅವನು ದಶಮಾಂಶದಲ್ಲಿ 1.2 ಎಂದು ಬರೆಯುತ್ತಿದ್ದ. ಮೇಲಿನದನ್ನೂ ಕೆಳಗಿನದನ್ನೂ ಕೂಡಿದರೆ 12, ಎಲ್ಲೋ ಒಂದು ಚುಕ್ಕಿ ಇಟ್ಟರಾಯಿತು. 0.3 + 0.4 ಅವನಿಗೆ 0.07. ಇಂಥ ಸ್ವಂತ ನಿಯಮಗಳ ಒಂದು ಕಟ್ಟನ್ನೇ ಮಾಡಿಕೊಂಡಿದ್ದ, ಕೀಲಿಗೆ ಹೊಂದದಿದ್ದಾಗ ನಿಯಮ ಬದಲಿಸುತ್ತಿದ್ದ. ಸಾಕಷ್ಟು ಉತ್ತರಗಳು ಹೊಂದುತ್ತಿದ್ದುದರಿಂದ ಯಾರೂ ಅವನನ್ನು ಕೇಳಲಿಲ್ಲ. ಇದನ್ನು ಓದಿದ ಮೇಲೆ ನೂರಕ್ಕೆ ನೂರು ಬಂದ ಪತ್ರಿಕೆಯನ್ನು ಕಂಡರೆ ನನಗೆ ಒಂದು ಸಣ್ಣ ಅನುಮಾನ.

ಆದ್ದರಿಂದ ನನ್ನ ತರಗತಿಯಲ್ಲಿ “ಹೇಗೆ ಗೊತ್ತು?” ಎಂಬುದು ಸರಿ, ತಪ್ಪು ಎರಡಕ್ಕೂ ಒಂದೇ ದನಿಯಲ್ಲಿ ಬರುತ್ತದೆ. ಕೇಳಿದ ಮೇಲೆ ಕಾಯಬೇಕು, ಅದು ಇನ್ನೂ ಕಷ್ಟ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ಅಳೆದು ತೋರಿಸಿದಂತೆ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸರಾಸರಿ ಒಂದು ಸೆಕೆಂಡು. ಮೂರು ಸೆಕೆಂಡಿಗೆ ಹಿಗ್ಗಿಸಿದರೆ ಉತ್ತರಗಳು ಉದ್ದವಾಗುತ್ತವೆ, ಹೆಚ್ಚು ಮಕ್ಕಳು ಬಾಯಿ ಬಿಡುತ್ತಾರೆ, ತಾವೇ ಪ್ರಶ್ನೆ ಕೇಳುತ್ತಾರೆ. ಅವರು ಎರಡು ಬಗೆಯ ಕಾಯುವಿಕೆಯನ್ನು ಗುರುತಿಸಿದ್ದರು, ಪ್ರಶ್ನೆಯ ನಂತರದ್ದು ಮತ್ತು ಮಗುವಿನ ಉತ್ತರದ ನಂತರದ್ದು. ಎರಡನೆಯದೇ ನನಗೆ ಬಲು ಮುಖ್ಯವೆನಿಸುತ್ತದೆ. ಮಗು ಉತ್ತರ ಹೇಳಿದೆ, ನೀವು ಏನೂ ಹೇಳುತ್ತಿಲ್ಲ, ಮುಖದಲ್ಲೂ ಏನಿಲ್ಲ. ಮೂರು ಸೆಕೆಂಡು ತರಗತಿಯಲ್ಲಿ ಬಹಳ ದೀರ್ಘ ಕಾಲ. ಆ ಮೌನದಲ್ಲೇ “ಅಲ್ಲ ಸರ್, ತಾಳಿ” ಎಂಬುದು ಹುಟ್ಟುತ್ತದೆ.

ಪೋರ್ಷನ್ ಎಂಬ ಪೆಡಂಭೂತ

ಇಷ್ಟಕ್ಕೆಲ್ಲ ಸಮಯವೆಲ್ಲಿದೆ ಎಂಬ ಆಕ್ಷೇಪ ನ್ಯಾಯವಾದದ್ದು. ವೃತ್ತದ ಲೆಕ್ಕ ಎರಡು ಪೀರಿಯಡ್ ನುಂಗಿತು, ಪರೀಕ್ಷೆಯಲ್ಲಿ ಅದು ಬರುವುದಿಲ್ಲ. ದಿನವೂ ಹೀಗೆ ನಡೆಸಬೇಕೆನ್ನುವವನು ನಾನಲ್ಲ. ಮಗ್ಗಿ ಬಾಯಿಪಾಠ ಮಾಡಿಸುವುದನ್ನು ಪಾಪವೆಂದು ಕಾಣುವವರೊಂದಿಗೂ ನನಗೆ ಸರಿಹೋಗುವುದಿಲ್ಲ. ಏಳೆಂಟಲಿ ಎಷ್ಟೆಂದು ಬೆರಳು ಮಡಿಸುತ್ತ ಕೂತ ಮಗುವಿಗೆ ಲೆಕ್ಕದ ರೂಪವನ್ನು ಗಮನಿಸುವಷ್ಟು ಪುರುಸೊತ್ತು ತಲೆಯಲ್ಲಿ ಉಳಿಯುವುದಿಲ್ಲ. ಎಲ್ಲವನ್ನೂ ಮಕ್ಕಳೇ ಕಂಡುಕೊಳ್ಳಲಿ ಎಂಬುದು ಕೇಳಲು ಇಂಪಾಗಿದೆ. ಮನುಕುಲ ಶತಮಾನಗಳಲ್ಲಿ ಕಂಡುಕೊಂಡದ್ದನ್ನು ನಲವತ್ತು ನಿಮಿಷದಲ್ಲಿ ಮರಳಿ ಕಂಡುಕೊಳ್ಳಬೇಕೆನ್ನುವುದು ಅವರ ಮೇಲಿನ ಜುಲುಮೆ.

ಆದರೆ ಪಠ್ಯಪುಸ್ತಕದ ಲೆಕ್ಕವನ್ನೇ ಸ್ವಲ್ಪ ಕೆಡಿಸಿ ಕೊಡಲು ಸಮಯ ಹಿಡಿಯುವುದಿಲ್ಲ. ಕೊನೆಯ ಪ್ರಶ್ನೆಯ ಸಾಲನ್ನು ಕೈಯಿಂದ ಮುಚ್ಚಿ, ಇದರಿಂದ ಏನೇನು ಕೇಳಬಹುದು ಎನ್ನಿ. ಬೇಡದ ಸಂಖ್ಯೆಯೊಂದನ್ನು ಸೇರಿಸಿ, ಅಥವಾ ಬೇಕಾದದ್ದೊಂದನ್ನು ಕಿತ್ತುಹಾಕಿ. ‘ಉದ್ದ 8, ಅಗಲ 4 ಇರುವ ಆಯತದ ಸುತ್ತಳತೆ ಎಷ್ಟು’ ಎಂಬುದನ್ನು ತಿರುಗಿಸಿ, ‘ಸುತ್ತಳತೆ 24 ಇರುವ ಆಯತಗಳಲ್ಲಿ ಯಾವುದರ ವಿಸ್ತೀರ್ಣ ಹೆಚ್ಚು’ ಎಂದು ಕೇಳಿ. ಅದೇ ಸೂತ್ರದ ಅಭ್ಯಾಸ ಹತ್ತು ಸಲ ಆಗುತ್ತದೆ, ಮೇಲೆ ಒಂದು ಕುತೂಹಲವೂ ಉಳಿಯುತ್ತದೆ. ಬೇಕಾದ ಸಂಖ್ಯೆ ಇಲ್ಲದ ಲೆಕ್ಕ ಕೊಟ್ಟಾಗ ಮೊದಲು ಪ್ರತಿಭಟನೆ ಬರುತ್ತದೆ, “ಸರ್, ನೀವು ಬರೆಯುವುದು ಮರೆತಿದ್ದೀರಿ” ಎಂದು. ಕಪ್ತಾನನ ವಯಸ್ಸು ಕೇಳಿದಾಗ ಆ 76 ಮಕ್ಕಳಿಗೆ ಹೇಳಲಾಗದೆ ಹೋದದ್ದು ಈ ಮಾತೇ.

ಇನ್ನೊಂದು ಬಗೆಯ ಮಗುವಿನ ಮುಂದೆ ಮಾತ್ರ ನನ್ನ ಪ್ರಶ್ನೆ ಮಂಕಾಗುತ್ತದೆ: ಥಟ್ಟನೆ ಸರಿ ಉತ್ತರ ಹೇಳಿಬಿಡುವ ಚುರುಕು ಮಗು. ಹೇಗೆ ಗೊತ್ತು ಎಂದರೆ “ಹಾಗೇ ಬರುತ್ತದಲ್ಲ, ಸರ್” ಎನ್ನುತ್ತದೆ. ಆ ಪ್ರಶ್ನೆಯಲ್ಲಿ ಅದಕ್ಕೆ ಅವಮಾನ ಕಾಣುತ್ತದೆ. ಅಂಥ ಒಬ್ಬನಿಗೆ ಈ ವರ್ಷ n² + n + 41 ಕೊಟ್ಟೆ. n ಗೆ 0, 1, 2, 3 ಎಂದು ಹಾಕುತ್ತ ಹೋದರೆ 41, 43, 47, 53 ಬರುತ್ತವೆ, ಎಲ್ಲವೂ ಅವಿಭಾಜ್ಯ. ಯಾವಾಗಲೂ ಹೀಗೆಯೇ ಬರುತ್ತದೆಯೇ ಎಂದು ಕೇಳಿದೆ. ಹತ್ತರವರೆಗೆ ಪರೀಕ್ಷಿಸಿ ಬರುತ್ತದೆ ಎಂದ. ಹೇಗೆ ಗೊತ್ತು ಎಂದೆ. ಮುಖ ಗಂಟಿಕ್ಕಿಕೊಂಡು ಹೋಗಿ ಇಪ್ಪತ್ತರವರೆಗೆ ಮಾಡಿಕೊಂಡು ಬಂದ, ಅವೂ ಅವಿಭಾಜ್ಯವೇ. ಮತ್ತೆ ಅದೇ ಪ್ರಶ್ನೆ. ಮುಂದಿನ ವಾರ ಬಂದವನ ಕೈಯಲ್ಲಿ ಲೆಕ್ಕವೇ ಇರಲಿಲ್ಲ. “41 ಹಾಕಿದರೆ ಮೂರೂ ಪದಗಳು 41ರಿಂದ ಭಾಗವಾಗುತ್ತವೆ. ಗುಣಿಸಿ ನೋಡುವ ಅಗತ್ಯವೇ ಇಲ್ಲ, ಸರ್” ಎಂದ. ನಾನು ಮೂರು ಸೆಕೆಂಡು ಕಾದು, ಅದಕ್ಕಿಂತ ಮೊದಲು ಎಲ್ಲೂ ತಪ್ಪುವುದಿಲ್ಲವೇ ಎಂದು ಕೇಳಿದೆ. ಅವನಿನ್ನೂ ಹುಡುಕುತ್ತಿದ್ದಾನೆ. 40 ಹಾಕಿದರೆ 40 × 41 + 41 ಆಗುತ್ತದೆ, ಅಂದರೆ 41ರ ವರ್ಗ. ನಿಮಗೆ ಹೇಳಿಬಿಟ್ಟೆ, ಅವನಿಗೆ ಹೇಳುವ ಯೋಚನೆ ಸದ್ಯಕ್ಕಿಲ್ಲ.